ಕಾರ್ಕಳ: ಭೈರರಸರ ರಾಜಧಾನಿಯಲ್ಲಿ ಒಂದು ದಿನ

ರಾಜಧಾನಿಯೆಂದರೆ ಕೋಟೆ, ಅರಮನೆ ಹುಡುಕುವವರಿಗೆ ಕಾರ್ಕಳ ನಿರಾಸೆ ತಂದೀತು. ಕಳಸ-ಕಾರ್ಕಳದ ಭೈರರಸರ ವೈಭವ ಇಲ್ಲಿ ಉಳಿದಿರುವುದು ಬೆಟ್ಟ, ಬಸದಿ, ಕೆರೆಗಳಲ್ಲಿ. ಹತ್ತಿರ ಹತ್ತಿರದಲ್ಲೇ ಇರುವ ಇವನ್ನು ಒಂದೇ ದಿನದಲ್ಲಿ ನೋಡಬಹುದು.

ಹೋಗುವುದು ಹೇಗೆ: ಉಡುಪಿಯಿಂದ ಸುಮಾರು 38 ಕಿ.ಮೀ. ಮಣಿಪಾಲ, ಹಿರಿಯಡಕ, ಬೈಲೂರು ದಾರಿಯಾಗಿ ಖಾಸಗಿ ಬಸ್ಸುಗಳು ಓಡುತ್ತವೆ. ಕಾಪು ಕಡೆಯಿಂದ ಬರುವವರು ಪಡುಬಿದ್ರಿಯಲ್ಲಿ ತಿರುಗಿ ಬೆಳ್ಮಣ್, ನಿಟ್ಟೆ ದಾಟಿ ಬರಬಹುದು. ನವೆಂಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ; ಆಟಿ ತಿಂಗಳ ಮಳೆಯಲ್ಲಿ ಬಂಡೆ ಜಾರುತ್ತದೆ.

ಬೆಳಗ್ಗೆ: ಮೊದಲು ಗೊಮ್ಮಟಬೆಟ್ಟ ಹತ್ತಿ. ಮೇಲೆ ಬರಿಗಾಲಲ್ಲಿ ಓಡಾಡಬೇಕು, ಮಧ್ಯಾಹ್ನವಾದರೆ ಕಲ್ಲು ಕಾದು ಅಂಗಾಲು ಊರಲಾಗದು. ಸುಮಾರು 42 ಅಡಿಯ ಬಾಹುಬಲಿಯನ್ನು ಭೈರರಸ ವೀರಪಾಂಡ್ಯ ನಿಲ್ಲಿಸಿದ್ದು 1432ರಲ್ಲಿ. ಶ್ರವಣಬೆಳಗೊಳದ ಮೂರ್ತಿಯನ್ನು ಬೆಟ್ಟದ ಬಂಡೆಯಲ್ಲೇ ಕಡೆದರು; ಇಲ್ಲಿಯದನ್ನು ಬೇರೆಡೆ ಕಡೆದು, ಬಂಡಿಯಲ್ಲಿ ಮೇಲಕ್ಕೆ ಎಳೆತಂದ ಕಥೆಯನ್ನು ಚಂದ್ರಮ ಕವಿಯ ಕಾವ್ಯ ಹೇಳುತ್ತದೆ. ಎದುರಿನ ಬ್ರಹ್ಮದೇವ ಕಂಬ 1436ರದು. ಮೂರ್ತಿಯ ಕಾಲಬುಡದಲ್ಲಿ ನಿಂತರೆ ಮುಖ ಸರಿಯಾಗಿ ಕಾಣದು. ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿ.

ಇಳಿದ ಮೇಲೆ ಎದುರಿನ ಚಿಕ್ಕಬೆಟ್ಟದ ಚತುರ್ಮುಖ ಬಸದಿಗೆ ನಡೆಯಿರಿ. ಇಮ್ಮಡಿ ಭೈರರಸ ಇದನ್ನು ಕಟ್ಟಿಸಿದ್ದು 1586ರಲ್ಲಿ. ಇದಕ್ಕೆ ಹಿಂಭಾಗವೆಂಬುದೇ ಇಲ್ಲ. ನಾಲ್ಕು ದಿಕ್ಕಿಗೂ ಬಾಗಿಲು, ಯಾವುದರಿಂದ ಒಳಹೊಕ್ಕರೂ ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರ ದರ್ಶನ. ಹೊರಬಂದು ಜಗಲಿಯ ಮೇಲೆ ಒಂದು ಸುತ್ತು ಹಾಕಿ. ಕಂಬಗಳ ನಡುವಿನಿಂದ ಗೊಮ್ಮಟ ಕಾಣುವ ಜಾಗ ಸಿಗುತ್ತದೆ. ಫೋಟೋ ತೆಗೆಯಲು ಬೆಟ್ಟದ ಮೇಲಿಗಿಂತ ಇದೇ ವಾಸಿ.

ಪೇಟೆಯಲ್ಲಿ: ಪಡುತಿರುಪತಿಯೆಂದು ಹೆಸರಾದ ವೆಂಕಟರಮಣ ದೇವಸ್ಥಾನವನ್ನು ಮಧ್ಯಾಹ್ನ ಬಾಗಿಲು ಹಾಕುವ ಮೊದಲೇ ನೋಡಿಬಿಡಿ. ಆಮೇಲೆ ಹೋಟೆಲಿನಲ್ಲಿ ಊಟ; ತಿಂಡಿಯೇ ಸಾಕೆನ್ನುವವರಿಗೆ ನೀರುದೋಸೆ, ಬನ್ಸ್, ಗೋಳಿಬಜೆ.

ಮಧ್ಯಾಹ್ನದ ಬಳಿಕ: ಹಿರಿಯಂಗಡಿ ನೇಮಿನಾಥ ಬಸದಿಯ ಮುಂದಿನ ಏಕಶಿಲಾ ಮಾನಸ್ತಂಭವನ್ನು ತಪ್ಪಿಸಬೇಡಿ. ಬಿಸಿಲು ಇಳಿದ ಮೇಲೆ ಆನೆಕೆರೆಗೆ ಹೋದರೆ ನೀರಿನ ನಡುವಿನ ಬಸದಿ ಕಾಣುತ್ತದೆ. ಸಮಯವಿದ್ದರೆ ಅತ್ತೂರಿನ ಸಂತ ಲಾರೆನ್ಸ್ ಬಸಿಲಿಕಾ ನೋಡಿ. ಜನವರಿಯ ಜಾತ್ರೆಯ ಹೊತ್ತಿನಲ್ಲಾದರೆ ಜನಜಂಗುಳಿಗೆ ಸಿದ್ಧರಾಗಿ.

ಇನ್ನೊಂದು ದಿನ ಉಳಿಯುವವರು ಹೆಬ್ರಿ ದಾರಿಯ ವರಂಗಕ್ಕೆ ಹೋಗಿ, ಅಲ್ಲಿ ಕೆರೆ ಬಸದಿಗೆ ದೋಣಿಯಲ್ಲೇ ಸಾಗಬೇಕು. ಶಿಲ್ಪದ ಹುಚ್ಚಿರುವವರಿಗೆ ಮೂಡುಬಿದಿರೆಯ ಸಾವಿರ ಕಂಬದ ಬಸದಿಯೇ ಸರಿ.