ಅಮಾಸೆಗೊಂದು ದಿನ ಬಡಿಗತನ

ಎಡೆ ಹೊಡೆಯುವ ಹೊತ್ತಿಗೆ ಕುಂಟೆಯ ತಾಳು ಮುರಿದರೆ ಏನಾಗುತ್ತದೆ ಎಂದು ಒಣಬೇಸಾಯದವರಿಗೆ ಬಿಡಿಸಿ ಹೇಳಬೇಕಿಲ್ಲ. ಎರೆ ಹೊಲದ ಹದ ಅಂದರೆ ಮೂರು ದಿನ, ಬಹಳವೆಂದರೆ ನಾಲ್ಕು ದಿನ. ಅಷ್ಟರಲ್ಲಿ ಕುಂಟೆ ಸಾಗದಿದ್ದರೆ ಕಸ ಮೇಲಾಗುತ್ತದೆ, ನೆಲ ಬಿರುಕು ಬಿಟ್ಟು ಹಸಿ ಆರಿಹೋಗುತ್ತದೆ. ಮೊದಲಾದರೆ ಬೆಳಿಗ್ಗೆ ಮುರಿದ ತಾಳು ಮಧ್ಯಾಹ್ನಕ್ಕೆ ತಯಾರು. ಬಡಿಗೇರರ ಮನೆ ಊರಲ್ಲೇ ಇತ್ತು, ಆಯ ಇತ್ತು. ಸುಗ್ಗಿಯಲ್ಲಿ ಕಣದ ಮೇಲೆ ಕಾಳು ಅಳೆದು ಕೊಟ್ಟರೆ ವರ್ಷವಿಡೀ ಅವರು ನಮ್ಮ ಕುಂಟೆ ಕೂರಿಗೆ ನೋಡಿಕೊಳ್ಳುತ್ತಿದ್ದರು.

ಆಯ ನಿಂತಿತು. ನಿಲ್ಲಿಸಿದವರು ನಾವೇ ರೈತರು, ಬಡಿಗೇರರಲ್ಲ. ಕಾಳು ಕೊಡುವುದನ್ನು ಬಿಟ್ಟು, ಕೆಲಸ ಮಾತ್ರ ಹಳೇ ಲೆಕ್ಕದಲ್ಲಿ ಆಗಬೇಕು ಅಂದರೆ ಯಾರು ಮಾಡುತ್ತಾರೆ? ಅವರ ಮಕ್ಕಳು ಪಟ್ಟಣಕ್ಕೆ ಹೋಗಿ ಬಾಗಿಲು ಚೌಕಟ್ಟು, ಪ್ಲೈವುಡ್ ಕಪಾಟು ಮಾಡುತ್ತಾರೆ, ದಿನಗೂಲಿ ಚೆನ್ನಾಗಿದೆ. ಗದಗ ಸೀಮೆಯ ನಮ್ಮೂರಲ್ಲಿ ಈಗ ಕೂರಿಗೆ ಬಲ್ಲವರು ಒಬ್ಬರೇ ಉಳಿದಿದ್ದಾರೆ. ವಯಸ್ಸು ಎಪ್ಪತ್ತು ದಾಟಿದೆ. ನಾವೆಲ್ಲ ಕಾಕಾ ಅನ್ನುತ್ತೇವೆ.

ಟ್ರ್ಯಾಕ್ಟರ್ ಇದೆಯಲ್ಲ ಅನ್ನಬಹುದು. ಬಿತ್ತುವುದಕ್ಕೆ ಇದೆ, ಬಾಡಿಗೆಗೆ ನಾವೂ ತರುತ್ತೇವೆ. ನಿಂತ ಬೆಳೆಯ ಸಾಲಿನಲ್ಲಿ ಎಡೆ ಹೊಡೆಯಲು ಮೂರು ನಾಲ್ಕು ಎಕರೆಯವನಿಗೆ ಎತ್ತು, ಕುಂಟೆ ಇನ್ನೂ ಬೇಕು. ಅದಕ್ಕೇ 2022ರ ಬೇಸಿಗೆಯಲ್ಲಿ ಹದಿನಾಲ್ಕು ಮಂದಿ ಕೂಡಿ ಕಾಕಾನ ಸಾಲೆಗೆ ಹೋದೆವು. ಅಂದಿನಿಂದ ಪ್ರತಿ ಅಮಾಸೆ ಸೇರುತ್ತೇವೆ. ಎಳ್ಳಮಾಸೆಗೆ ಮಾತ್ರ ರಜೆ, ಅಂದು ಎಲ್ಲರೂ ಚರಗ ಚೆಲ್ಲಲು ಹೊಲಕ್ಕೆ ಹೋಗಿರುತ್ತಾರೆ.

ಅಮಾಸೆಯೇ ಯಾಕೆ ಅಂದರೆ, ಅಂದು ನಮ್ಮಲ್ಲಿ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಬಡಿಗೇರರೂ ಅಂದು ಹತಾರ ಮುಟ್ಟುವುದಿಲ್ಲ. ಇದರಿಂದ ಒಂದು ಒಳ್ಳೆಯದಾಯಿತು. ಕಾಕಾ ಕಟ್ಟೆಯ ಮೇಲೆ ಕೂತು ಬಾಯಲ್ಲಿ ಹೇಳುತ್ತಾರೆ, ಕೈ ಹಾಕುವವರು ನಾವೇ. ಅವರೇ ಉಳಿ ಹಿಡಿದಿದ್ದರೆ ಕೆಲಸ ಚೆನ್ನಾಗಿ ಆಗುತ್ತಿತ್ತು, ನಾವು ನೋಡುತ್ತಾ ಚಹಾ ಕುಡಿಯುತ್ತಿದ್ದೆವು. ಕೈಯಲ್ಲಿ ತೋರಿಸಲೇಬೇಕಾದ್ದು ಬಂದರೆ ಮರುದಿನ ನಸುಕಿಗೇ ಬರಲು ಹೇಳುತ್ತಾರೆ. ತಲೆಗೆ ತಿಂಗಳಿಗೆ 50 ರೂಪಾಯಿ, ಸುಗ್ಗಿಯಲ್ಲಿ ಜೋಳ. ಜೋಳದ ಮಾತು ಅವರು ಕೇಳಿದ್ದಲ್ಲ, ನಾವು ಹಾಕಿಕೊಂಡದ್ದು.

ಮೊದಲು ಮಸೆಯುವುದು

ಮೊದಲ ಮೂರು ಅಮಾಸೆ ಕಟ್ಟಿಗೆ ಮುಟ್ಟಗೊಡಲಿಲ್ಲ. ಬರೀ ಉಳಿ, ಬಾಚಿ, ರಂದಾದ ಅಲಗು ಮಸೆಯುವುದು. ಇಬ್ಬರು ಹುಡುಗರು ಬೇಸರ ಮಾಡಿಕೊಂಡು ಬಿಟ್ಟೇ ಹೋದರು. ಉಳಿದವರು ಕಲಿತದ್ದು ಇಷ್ಟು. ಉಳಿಯ ಓರೆಯ ಉದ್ದ ಅದರ ದಪ್ಪದ ಎರಡು ಪಟ್ಟು ಇರಬೇಕು. ಕಾಲು ಅಂಗುಲ ದಪ್ಪದ ಉಳಿಗೆ ಅರ್ಧ ಅಂಗುಲ ಓರೆ. ಶಾಲೆಯ ಲೆಕ್ಕದಲ್ಲಿ ಅದು 30 ಡಿಗ್ರಿ ಆಗುತ್ತದೆ ಎಂದು ಐಟಿಐ ಓದಿದ ಹುಡುಗ ಲೆಕ್ಕ ಹಾಕಿ ತೋರಿಸಿದ. ಕಾಕಾನಿಗೆ ಡಿಗ್ರಿ ಬೇಡ, ಎರಡು ಪಟ್ಟು ಸಾಕು. ಓರೆ ಇದಕ್ಕಿಂತ ಗಿಡ್ಡವಾದರೆ ಉಳಿ ಕಟ್ಟಿಗೆಯೊಳಗೆ ಇಳಿಯುವುದಿಲ್ಲ, ಬಹಳ ಉದ್ದವಾದರೆ ಜಾಲಿಯಂಥ ಗಟ್ಟಿ ಕಟ್ಟಿಗೆಯಲ್ಲಿ ಬಾಯಿ ಚಕ್ಕೆ ಏಳುತ್ತದೆ.

ಉಳಿಯ ಬೆನ್ನು ಮಸೆಗಲ್ಲಿನ ಮೇಲೆ ಪೂರಾ ಚಪ್ಪಟೆಯಾಗಿ ಕೂರಬೇಕು. ಬೆನ್ನನ್ನೂ ಸ್ವಲ್ಪ ಎತ್ತಿ ಮಸೆಯುವವರೇ ಹೆಚ್ಚು, ಅಂಥ ಉಳಿ ನೇರ ಇಳಿಯದೆ ಅಡ್ಡ ಹೋಗುತ್ತದೆ. ಮೊದಲು ಒರಟು ಕಲ್ಲು, ಆಮೇಲೆ ನುಣುಪು ಕಲ್ಲು. ಕರೆಂಟಿನ ಸಾಣೆಗೆ ಹಿಡಿಯುವವರು ಪಕ್ಕದಲ್ಲಿ ನೀರಿನ ಡಬ್ಬಿ ಇಟ್ಟುಕೊಂಡು ಮತ್ತೆ ಮತ್ತೆ ಅದ್ದಬೇಕು. ಅಲಗು ಕಾಯ್ದು ನೀಲಿ ಬಣ್ಣಕ್ಕೆ ತಿರುಗಿದರೆ ಅದರ ಹದ ಹೋಯಿತು, ಅಷ್ಟು ಭಾಗ ತೇದು ತೆಗೆಯಬೇಕು. ಸಾಣೆಯ ಹತ್ತಿರ ಹೆಗಲ ಮೇಲೆ ಶಲ್ಯ ಬೇಡ, ಧೋತರದ ತುದಿ ಕಟ್ಟಿಕೊಂಡಿರಬೇಕು.

ಹರಿತ ನೋಡಲು ಬೆರಳು ಬೇಡ. ಮೆತ್ತನೆಯ ಕಟ್ಟಿಗೆಯ ಕೊಯ್ದ ತುದಿಯಲ್ಲಿ ಒಂದು ಸಿಪ್ಪೆ ತೆಗೆಯಿರಿ. ಕೊಯ್ದ ಜಾಗ ಹೊಳೆದರೆ ಉಳಿ ಹರಿತ. ಪುಡಿ ಉದುರಿ ಮಾಸಲಾಗಿ ಕಂಡರೆ ಮತ್ತೆ ಮಸೆಯಬೇಕು.

ಮುರಿದದ್ದನ್ನು ತರುವುದು

ನಮ್ಮ ಕೂಟದಲ್ಲಿ ನನಗೆ ಬಹಳ ಸೇರಿದ ಪದ್ಧತಿ ಇದು. ತಿಂಗಳಲ್ಲಿ ಯಾರದೇ ಮನೆಯಲ್ಲಿ ಕಟ್ಟಿಗೆ ಸಾಮಾನು ಮುರಿದರೂ ಒಲೆಗೆ ಹಾಕುವಂತಿಲ್ಲ. ತಾಳು, ಮೇಳಿ, ಕೊಡಲಿ ಕಾವು, ನೊಗ, ಏನೇ ಇರಲಿ, ಎರಡೂ ತುಂಡು ಅಮಾಸೆಗೆ ತರಬೇಕು. ನಡುವೆ ಇಟ್ಟು ಎಲ್ಲರೂ ನೋಡುತ್ತೇವೆ. ಮುರಿದದ್ದು ಯಾಕೆ? ಒಬ್ಬೊಬ್ಬರೂ ಹೇಳಬೇಕು. ಕಾಕಾ ಕಡೆಗೆ ಮಾತಾಡುತ್ತಾರೆ. ಮೊದಮೊದಲು ಎಲ್ಲರದೂ ಒಂದೇ ಉತ್ತರ, "ಕಟ್ಟಿಗಿ ಸರಿ ಇರಲಿಲ್ಲ ಕಾಕಾ." ಅವರು, "ಕಟ್ಟಿಗಿ ಸರೀನ ಐತಿ ತಮ್ಮಾ, ಎಳಿ ಯಾ ಕಡೆ ಹೊಂಟೈತಿ ನೋಡು" ಅನ್ನುತ್ತಿದ್ದರು.

ಎಳೆ ಅಂದರೆ ಕಟ್ಟಿಗೆಯ ನಾರು. ಅದು ತಾಳಿನ ಉದ್ದಕ್ಕೂ ತಲೆಯಿಂದ ತುದಿಯವರೆಗೆ ಓಡಬೇಕು. ಸಾ ಮಿಲ್ಲಿನಲ್ಲಿ ಗರಗಸ ಎಳೆ ನೋಡುವುದಿಲ್ಲ, ಗೆರೆ ಎಳೆದಲ್ಲಿ ಕೊಯ್ಯುತ್ತದೆ. ನೋಡಲು ನೆಟ್ಟಗಿದ್ದರೂ ಎಳೆ ಓರೆಯಾಗಿ ಹೊರಗೆ ಹೋಗಿರುತ್ತದೆ. ಬೇರು ತಾಗಿದಾಗ ಅಲ್ಲೇ ಸೀಳುತ್ತದೆ. ಆದ್ದರಿಂದ ತಾಳು, ಕಾವುಗಳಿಗೆ ತುಂಡನ್ನು ಗರಗಸದಿಂದ ಕೊಯ್ಯದೆ ಬೆಣೆ ಹೊಡೆದು ಸೀಳಿಕೊಳ್ಳುವುದು ಒಳ್ಳೆಯದು. ಸೀಳು ಎಳೆಯ ದಾರಿಯಲ್ಲೇ ಹೋಗುತ್ತದೆ. ಡೊಂಕು ಬೇಕಾದ ಕಡೆ ಡೊಂಕಾಗಿಯೇ ಬೆಳೆದ ಕೊಂಬೆ ಹುಡುಕಬೇಕು. ನೇರ ಹಲಗೆಯಲ್ಲಿ ಡೊಂಕು ಕೊಯ್ದರೆ ಬಾಗಿದ ಜಾಗದಲ್ಲಿ ಎಳೆ ತುಂಡಾಗಿ ಅಲ್ಲೇ ಮುರಿಯುತ್ತದೆ. ನೇಗಿಲಿಗೆ ಹಿರಿಯರು ಹೊಲದ ಬದುವಿನಲ್ಲಿ ಇಂಥ ಕೊಂಬೆ ಗುರುತಿಟ್ಟು ವರ್ಷಗಟ್ಟಲೆ ಕಾಯುತ್ತಿದ್ದದ್ದು ಇದಕ್ಕೇ.

ಎರಡನೇ ಕಾರಣ ಹುಳ. ಕರಿಜಾಲಿ ದಿಮ್ಮಿ ಕೊಯ್ದರೆ ನಡುವೆ ಕಂದು ಕೆಚ್ಚು, ಸುತ್ತ ಬಿಳಿ ಪದರ ಕಾಣುತ್ತದೆ. ಹಿಟ್ಟು ಉದುರಿಸುವ ಹುಳ ತಿನ್ನುವುದು ಆ ಬಿಳಿ ಭಾಗ. ಅದರಲ್ಲಿ ಗಂಜಿಯ ಅಂಶ ಇರುತ್ತದೆ. ತಾಳಿನಲ್ಲಿ ಬಿಳಿ ಭಾಗ ಉಳಿಸಬಾರದು. ದಿಮ್ಮಿಯನ್ನು ಕೆಲವು ತಿಂಗಳು ಕೆರೆ ನೀರಿನಲ್ಲಿ ಮುಳುಗಿಸಿಟ್ಟರೆ ಆ ಅಂಶ ತೊಳೆದು ಹೋಗುತ್ತದೆ, ಬಿದಿರಿಗೂ ಹಾಗೇ ಮಾಡುತ್ತಾರೆ. ನಮ್ಮಲ್ಲಿ ಕೆರೆಯಲ್ಲಿ ನೀರು ನಿಲ್ಲುವುದೇ ಅನುಮಾನ, ಹಾಗಾಗಿ ಕೃಷಿಹೊಂಡದಲ್ಲಿ ಕಲ್ಲು ಹೇರಿ ಮುಳುಗಿಸುತ್ತೇವೆ.

ಮೂರನೆಯದು ತೂತು. ದಿಂಡಿಗೆ ತೂತು ಹೊಡೆಯುವಾಗ ಒಂದೇ ಕಡೆಯಿಂದ ಉಳಿ ಹೊಡೆದರೆ ಆಚೆ ಬದಿ ಚಕ್ಕೆ ಕಿತ್ತು ಬರುತ್ತದೆ. ಎರಡೂ ಬದಿಗೆ ಮೂಲೆಮಟ್ಟ ಇಟ್ಟು ಗುರುತು ಹಾಕಿ, ಅರ್ಧ ಈಚೆಯಿಂದ ಅರ್ಧ ಆಚೆಯಿಂದ ಹೊಡೆಯಬೇಕು. ನಡುಭಾಗ ಮೊದಲು ತೆಗೆದು, ಗುರುತಿನ ಗೆರೆಗೆ ಕೊನೆಗೆ ಬರಬೇಕು.

ಒಣಗಿಸುವ ಬುದ್ಧಿ

ಕಟ್ಟಿಗೆ ಒಣಗುವಾಗ ಉದ್ದದಲ್ಲಿ ಕುಗ್ಗುವುದು ಇಲ್ಲವೆಂಬಷ್ಟು ಕಡಿಮೆ. ಅಡ್ಡಕ್ಕೆ ಕುಗ್ಗುತ್ತದೆ. ಅದರಲ್ಲೂ ದಿಮ್ಮಿಯ ಸುತ್ತಳತೆಯ ಕಡೆ ಕುಗ್ಗುವುದು, ಸಿಪ್ಪೆಯಿಂದ ನಡುವಿನ ಕಡೆ ಕುಗ್ಗುವುದರ ಹತ್ತಿರ ಹತ್ತಿರ ಎರಡು ಪಟ್ಟು. ಇಡೀ ದಿಮ್ಮಿ ಒಣಗಿಸಿದರೆ ನಡುವಿನವರೆಗೆ ಬಿರುಕು ಬೀಳುವುದು ಈ ಕಾರಣಕ್ಕೆ. ಹಸಿ ಇರುವಾಗಲೇ ನಡುವಿಗೆ ಸರಿಯಾಗಿ ಎರಡು ಹೋಳು ಮಾಡಿದರೆ ಬಿರುಕು ಬಹಳ ಕಡಿಮೆ. ಕೊಯ್ದ ತುದಿಗಳಿಂದ ತೇವ ಬೇಗ ಹೋಗುತ್ತದೆ, ಅದಕ್ಕೆ ಎರಡೂ ತುದಿಗೆ ಸಗಣಿ ಮಣ್ಣು ಕಲಸಿ ಮೆತ್ತುತ್ತೇವೆ. ನೆರಳಿನಲ್ಲಿ, ಗಾಳಿ ಆಡುವಂತೆ ಅಡಿಗೆ ಪಟ್ಟಿ ಕೊಟ್ಟು ಪೇರಿಸಬೇಕು. ಅಂಗುಲ ದಪ್ಪಕ್ಕೆ ಒಂದು ವರ್ಷ ಎಂಬುದು ಅಂದಾಜು.

ಇದೇ ಗುಣವನ್ನು ಉಪಯೋಗಿಸಿಕೊಳ್ಳುವುದೂ ಉಂಟು. ತಾಳು ಚೆನ್ನಾಗಿ ಒಣಗಿರಬೇಕು, ದಿಂಡಿನಲ್ಲಿ ಸ್ವಲ್ಪ ಹಸಿ ಉಳಿದಿರಬೇಕು. ಕೂಡಿಸಿದ ಮೇಲೆ ದಿಂಡು ಒಣಗುತ್ತಾ ತಾಳನ್ನು ಬಿಗಿಯಾಗಿ ಹಿಡಿಯುತ್ತದೆ. ಉಲ್ಟಾ ಆದರೆ ತಾಳು ಸಣ್ಣಗಾಗಿ ಲಟಪಟ ಅನ್ನುತ್ತದೆ. ಆಗ ಮೊಳೆ ಹೊಡೆದು ಕೂಡಿಸುವವರಿದ್ದಾರೆ. ಮೊಳೆ ಹೊಡೆದ ದಿಂಡು ಸೀಳುವುದು ನಿಧಾನವಾದರೂ ತಪ್ಪುವುದಿಲ್ಲ.

ಮರ ಕಡಿಯುವ ವಿಷಯ ಒಂದು ಮಾತು. ಕರ್ನಾಟಕದಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಸ್ವಂತ ಹೊಲದ ಮರಕ್ಕೂ ಅನುಮತಿ ಬೇಕಾಗುತ್ತದೆ, ಕೆಲವು ಜಾತಿಗೆ ವಿನಾಯಿತಿ ಇದೆ. ಅರಣ್ಯ ಇಲಾಖೆಯ ಕಚೇರಿಯಲ್ಲಿ ಕೇಳಿಯೇ ಕೊಡಲಿ ಎತ್ತಿ. ನಾವು ಈಗ ಬಳ್ಳಾರಿ ಜಾಲಿಯ ಕಡೆ ತಿರುಗಿದ್ದೇವೆ. ಹಳ್ಳದ ದಂಡೆಯೆಲ್ಲಾ ತುಂಬಿಕೊಂಡು ಎಲ್ಲರ ಬೈಗುಳ ತಿನ್ನುವ ಗಿಡ. ನೆಟ್ಟಗೆ ಎರಡು ಮೊಳ ಸಿಕ್ಕರೆ ಪುಣ್ಯ. ಆದರೆ ಒಣಗುವಾಗ ಬಹಳ ಕಡಿಮೆ ಕುಗ್ಗುತ್ತದೆ, ಗಟ್ಟಿಯೂ ಇದೆ. ಉಳಿಯ ಹಿಡಿ, ಬೆಣೆ, ಕುರ್ಪಿ ಹಿಡಿಗೆ ಅದನ್ನೇ ಬಳಸುತ್ತೇವೆ. ಕೊಡತಿಗೆ ಮಾತ್ರ ಹುಣಸೆಯೇ ಆಗಬೇಕು ಎಂಬುದು ಕಾಕಾನ ಹಟ.

ಕುರ್ಪಿ ಹಿಡಿಯ ವಿಷಯದಲ್ಲಿ ಕೂಟದ ಒಬ್ಬ ಅಕ್ಕ ನಮ್ಮನ್ನು ಸರಿಯಾಗಿ ತರಾಟೆಗೆ ತೆಗೆದುಕೊಂಡರು. "ಕಸಾ ತೆಗಿಯೋರು ನಾವು, ಹಿಡಿ ಮಾತ್ರ ನಿಮ್ಮ ಕೈ ಅಳತಿಗೆ ಮಾಡೀರಿ" ಅಂದರು. ಹೌದಲ್ಲ! ಆಮೇಲೆ ಅವರೇ ಕೂತು ತೆಳ್ಳಗೆ, ಮೊಟ್ಟೆಯಾಕಾರಕ್ಕೆ ಕೆತ್ತಿಸಿದರು. ಗುಂಡಗಿದ್ದರೆ ಬೆವರಿದ ಕೈಯಲ್ಲಿ ತಿರುಗುತ್ತದೆ, ಮೊಟ್ಟೆಯಾಕಾರ ತಿರುಗುವುದಿಲ್ಲ. ಈಗ ಓಣಿಯ ಹೆಣ್ಣುಮಕ್ಕಳೆಲ್ಲಾ ಅದೇ ಕೇಳುತ್ತಾರೆ.

ಒಂದೇ ಅಳತೆ ಕೋಲು

ಕೂರಿಗೆಯ ತಾಳಿಗೂ ಎಡೆಕುಂಟೆಗೂ ನಂಟು ಇದೆ. ಬಿಳಿಜೋಳಕ್ಕೆ ಸಾಲಿನಿಂದ ಸಾಲಿಗೆ 18 ಅಂಗುಲ ಇಟ್ಟರೆ ಎಡೆಕುಂಟೆಯ ಕುಡ 12 ಅಂಗುಲ, ಎರಡೂ ಬದಿಗೆ ಮೂರು ಮೂರು ಅಂಗುಲ ಬಿಟ್ಟಂತಾಗುತ್ತದೆ. ಕೂರಿಗೆಯಲ್ಲಿ ಒಂದು ತಾಳು ಒಂದು ಅಂಗುಲ ಸರಿದರೂ ಆ ಸಾಲಿನುದ್ದಕ್ಕೂ ಕುಡ ಬೆಳೆಗೆ ತಾಗುತ್ತದೆ. ಒಬ್ಬರ ಹೊಲಕ್ಕೆ ಇನ್ನೊಬ್ಬರು ಮುಯ್ಯಿ ಹೋಗುವ ಊರಲ್ಲಿ ಎಲ್ಲರ ಸಾಮಾನೂ ಒಂದೇ ಅಳತೆಗೆ ಇರಬೇಕು. ಟೇಪು ಹಿಡಿದು ಹದಿನಾಲ್ಕು ಮಂದಿ ಅಳೆದರೆ ಹದಿನಾಲ್ಕು ಅಳತೆ ಬರುತ್ತಿತ್ತು. ಕಾಕಾ ಒಂದು ಕೋಲಿಗೆ ಕಚ್ಚು ಹಾಕಿಸಿದರು. ಈಗ ಎಲ್ಲ ಕೂರಿಗೆ, ಎಲ್ಲ ಎಡೆಕುಂಟೆ ಆ ಕೋಲಿನಿಂದಲೇ. ಸಾಲೆಯ ಜಂತಿಗೆ ಸಿಕ್ಕಿಸಿರುತ್ತದೆ, ಮನೆಗೆ ಒಯ್ಯುವಂತಿಲ್ಲ.

ಇನ್ನೊಂದು ಕಲಿತದ್ದು, ಕುಂಟೆ ಹಿಡಿಯದಿದ್ದರೆ ಎಲ್ಲದಕ್ಕೂ ಬಡಿಗತನ ಕಾರಣವಲ್ಲ. ಎತ್ತರದ ಎತ್ತು ಕಟ್ಟಿದರೆ ನೊಗ ಮೇಲಾಗಿ ಈಸು ಏರುತ್ತದೆ, ಕುಡದ ಬಾಯಿ ಮೇಲಕ್ಕೆ ನೋಡುತ್ತದೆ, ತೇಲುತ್ತದೆ. ಮಿಣಿಯನ್ನು ಈಸಿನ ಮುಂತುದಿಯ ಕಡೆ ಸರಿಸಿ ಕಟ್ಟಿದರೆ ಈಸು ಚಪ್ಪಟೆಯಾಗಿ ಕುಡ ನೆಲ ಹಿಡಿಯುತ್ತದೆ. ಬಹಳ ಆಳ ಹೋದರೆ ಹಿಂದಕ್ಕೆ ಸರಿಸಬೇಕು. ಹೊಸ ಎತ್ತು ತಂದು ಕುಂಟೆ ಬದಲಿಸಲು ಹೊರಟವರು ಮೊದಲು ಇದನ್ನು ನೋಡಿ.

ಎಲ್ಲವನ್ನೂ ಅವರು ಕಲಿಸುವುದಿಲ್ಲ. ಬಂಡಿಯ ಗಾಲಿ ಕೇಳಿದಾಗ, "ಅದು ನಿಮ್ಮ ಕೆಲಸ ಅಲ್ಲ. ಕುಂಬ, ಅರೆಕಾಲು ಒಂದಕ್ಕೊಂದು ಕೂಡಬೇಕಂದ್ರ ಸಣ್ಣಂದಿರತಾ ಕೈ ಪಳಗಿರಬೇಕು" ಎಂದು ಕಡ್ಡಿ ಮುರಿದಂತೆ ಹೇಳಿದರು. ನನಗೂ ಅದು ಸರಿ ಅನ್ನಿಸಿತು. ವರ್ಷಕ್ಕೆ ಹನ್ನೊಂದು ದಿನ ಕೂತವರು ಬಡಿಗೇರರಾಗುವುದಿಲ್ಲ. ತಾಳು, ಮೇಳಿ, ಕಾವು, ನೊಗ, ಎಡೆಕುಂಟೆ ಇವಿಷ್ಟು ಈಗ ನಮ್ಮ ಕೈಯಲ್ಲಿ ಆಗುತ್ತದೆ. ಕಳೆದ ಎರಡು ಮುಂಗಾರಿನಲ್ಲಿ ನಮ್ಮ ಕೂಟದವರ ಕುಂಟೆ ಹದ ತಪ್ಪಿಸಿ ನಿಂತದ್ದಿಲ್ಲ.

ಉಳಿದಿರುವುದು ಕೂರಿಗೆಯ ಬಟ್ಟಲು. ಬಿದಿರಿನ ಕೊಳವೆಯ ಗಂಟುಗಳನ್ನು ಕಾಯ್ದ ಸಲಾಕೆಯಿಂದ ಸುಟ್ಟು ತೆಗೆಯುವುದು ಬಂತು. ಬಟ್ಟಲಿನ ತೂತುಗಳು ಮಾತ್ರ ಇನ್ನೂ ಹದಕ್ಕೆ ಬಂದಿಲ್ಲ. ಎಲ್ಲ ತೂತೂ ಒಂದೇ ಗಾತ್ರ, ಒಂದೇ ಓರೆ ಇಲ್ಲದಿದ್ದರೆ ಒಂದು ಸಾಲಿಗೆ ಬೀಜ ಹೆಚ್ಚು, ಒಂದಕ್ಕೆ ಕಡಿಮೆ. ಕಾಕಾನ ಕೈ ಈಚೆಗೆ ನಡುಗುತ್ತದೆ. ಅದಕ್ಕೇ ಅವರ ಸಾಲೆಯಲ್ಲಿರುವ ಹಳೇ ಕೂರಿಗೆ ಬಿಚ್ಚಿ, ಪ್ರತಿ ಭಾಗದ ನಕಲನ್ನು ಪ್ಲೈವುಡ್ ತುಂಡಿನ ಮೇಲೆ ಗೆರೆ ಎಳೆದು ಕೊಯ್ದು ಇಡುತ್ತಿದ್ದೇವೆ. ಐಟಿಐ ಹುಡುಗ ಎರಡು ಬಟ್ಟಲು ಕೆಡಿಸಿದ್ದಾನೆ, ಮೂರನೆಯದಕ್ಕೆ ಕಟ್ಟಿಗೆ ಒಣಗುತ್ತಿದೆ. ಮಣ್ಣೆತ್ತಿನ ಅಮಾಸೆಗೆ ಅದನ್ನು ಕಡೆಯುವುದೆಂದು ಗೊತ್ತಾಗಿದೆ.