ಗಗ್ಗ ಭಿಕ್ಷುವಿಗೆ ಸಂಘ ಕೊಟ್ಟ ತೀರ್ಪು





ಪಟಾಚಾರ, ಕಿಸಾಗೋತಮಿ, ಅಂಗುಲಿಮಾಲ ಇವರ ಕಥೆಗಳು ನಮಗೆಲ್ಲ ಗೊತ್ತು. ಗಗ್ಗ ಎಂಬ ಭಿಕ್ಷುವಿನ ಹೆಸರು ಕೇಳಿದವರು ಕಡಿಮೆ. ವಿನಯ ಪಿಟಕದಲ್ಲಿ ಅವರ ಪ್ರಸಂಗ ಎರಡು ಕಡೆ ಬರುತ್ತದೆ. ಕೆ.ಜಿ.ಎಫ್., ಬಂಗಾರಪೇಟೆಯ ನಮ್ಮ ಮನೆಗಳಿಗೆ ಬೇಕಾದ ಪಾಠ ಅದರಲ್ಲಿದೆ.

*ಮೊದಲ ಪ್ರಸಂಗ*

ಗಗ್ಗರಿಗೆ ಚಿತ್ತಭ್ರಮಣೆಯಾಗಿತ್ತು. ಉಪೋಸಥದ ದಿನ ಸಂಘವೆಲ್ಲ ಕೂಡಬೇಕೆಂಬುದು ನಿಯಮ. ಇವರಿಗೆ ಒಮ್ಮೆ ನೆನಪಿರುತ್ತಿತ್ತು, ಒಮ್ಮೆ ಇರುತ್ತಿರಲಿಲ್ಲ. ಒಮ್ಮೆ ಬರುತ್ತಿದ್ದರು, ಒಮ್ಮೆ ಬರುತ್ತಿರಲಿಲ್ಲ. ಭಿಕ್ಷುಗಳು ಭಗವಾನ್ ಬುದ್ಧರಿಗೆ ತಿಳಿಸಿದರು. ಅವರನ್ನು ಸಂಘದಿಂದ ಹೊರಗೆ ಹಾಕಿ ಎಂದು ಬುದ್ಧರು ಹೇಳಲಿಲ್ಲ. ಹಿಡಿದು ತಂದು ಕೂರಿಸಿ ಎಂದೂ ಹೇಳಲಿಲ್ಲ. ಗಗ್ಗ ಬಂದರೂ ಬಾರದಿದ್ದರೂ ಸಂಘದ ಉಪೋಸಥ ಸಿಂಧುವಾಗುತ್ತದೆಂದು ಸಂಘವೇ ಸಮ್ಮತಿ ಕೊಡಲಿ ಎಂದರು. ಕಾಯಿಲೆಯವರಿಗೆ ವಿನಾಯಿತಿ ಸಿಕ್ಕಿತು, ಅವರ ಜಾಗವೂ ಉಳಿಯಿತು.

*ಎರಡನೆಯ ಪ್ರಸಂಗ*

ಕಾಲ ಕಳೆದು ಗಗ್ಗ ಗುಣವಾದರು. ಕಷ್ಟ ಶುರುವಾದದ್ದು ಆಮೇಲೆ. ಕಾಯಿಲೆಯಲ್ಲಿ ಅವರು ಭಿಕ್ಷುವಿಗೆ ತಕ್ಕುದಲ್ಲದ ಎಷ್ಟೋ ಮಾತಾಡಿದ್ದರು, ಎಷ್ಟೋ ಕೆಲಸ ಮಾಡಿದ್ದರು. ಕೆಲವು ಭಿಕ್ಷುಗಳು ಅದನ್ನೇ ಎತ್ತಿ, ಹೀಗೆ ಮಾಡಿದೆಯಲ್ಲ, ನೆನಪಿದೆಯಾ ಎಂದು ಕೆದಕತೊಡಗಿದರು. ಆಗ ನನಗೆ ಬುದ್ಧಿ ಸ್ಥಿಮಿತದಲ್ಲಿರಲಿಲ್ಲ, ನನಗೆ ನೆನಪಿಲ್ಲ ಎಂದು ಗಗ್ಗ ಹೇಳಿದರೂ ಬಿಡಲಿಲ್ಲ. ಇದನ್ನು ಕಂಡು ನೊಂದ ಭಿಕ್ಷುಗಳು ಬುದ್ಧರಲ್ಲಿಗೆ ಹೋದರು. ಬುದ್ಧರು ಕೆದಕಿದವರನ್ನು ಖಂಡಿಸಿ, ಗಗ್ಗರಿಗೆ 'ಅಮೂಳ್ಹವಿನಯ' ಕೊಡಿ ಎಂದರು. ಬುದ್ಧಿ ಕೆಟ್ಟಿದ್ದಾಗ ನಡೆದದ್ದಕ್ಕೆ ಗುಣವಾದ ಮೇಲೆ ದೋಷ ಹೊರಿಸುವಂತಿಲ್ಲ ಎಂಬ ತೀರ್ಪು ಅದು. ನೆನಪಿದ್ದೂ ಇಲ್ಲವೆಂದು ನಟಿಸುವವರಿಗೆ ಅದು ಸಲ್ಲದು ಎಂಬ ಎಚ್ಚರವೂ ಅಲ್ಲೇ ಇದೆ. ವ್ಯಾಜ್ಯ ತೀರಿಸುವ ಏಳು ವಿಧಾನಗಳಲ್ಲಿ ಇದೂ ಒಂದಾಗಿ ಪಾತಿಮೋಕ್ಖಕ್ಕೆ ಸೇರಿತು. ಇಂದಿಗೂ ಭಿಕ್ಷುಗಳು ಪಾತಿಮೋಕ್ಖ ಪಠಿಸುವಾಗ ಅದರ ಹೆಸರು ಬರುತ್ತದೆ.

ಗಮನಿಸಿ: ಬುದ್ಧರು ಇಲ್ಲಿ ನಿಯಮ ಮಾಡಿದ್ದು ಗಗ್ಗರಿಗಾಗಿ ಮಾತ್ರವಲ್ಲ, ಗಗ್ಗರ ಸುತ್ತ ಇದ್ದವರ ನಾಲಿಗೆಗಾಗಿ.

*ನಮ್ಮ ಊರಿನ ಮಾತು*

'ಹುಚ್ಚ', 'ಮೆಂಟಲ್', 'ಲೂಸು', ತಮಿಳಿನಲ್ಲಿ 'ಪೈತ್ಯಂ'. ನಮ್ಮ ಶಾಲೆಯ ಅಂಗಳದಲ್ಲಿ ಈ ನಾಲ್ಕೂ ಬೈಗುಳ ದಿನಾ ಕಿವಿಗೆ ಬೀಳುತ್ತವೆ. ನಿಮ್ಹಾನ್ಸ್ ಎಂಬ ಹೆಸರನ್ನೂ ಮಕ್ಕಳು ಬೈಗುಳ ಮಾಡಿಕೊಂಡಿದ್ದಾರೆ. ದೇಶದ ದೊಡ್ಡ ಆಸ್ಪತ್ರೆಯೊಂದು ರೈಲಿನ ದಾರಿಯಲ್ಲೇ ಇದ್ದೂ, ಅಲ್ಲಿಗೆ ಹೋಗಿ ಬಂದೆ ಎನ್ನಲು ನಮ್ಮವರು ಅಂಜುವುದು ಇದರಿಂದಲೇ.

ಗಣಿಯ ಕಲ್ಲುಧೂಳಿನಿಂದ ಸಿಲಿಕೋಸಿಸ್ ಬಂದ ತಾತಂದಿರನ್ನು ನಾವು ಗೌರವದಿಂದ ನೆನೆಯುತ್ತೇವೆ. ದುಡಿದು ಎದೆ ಹಾಳಾಯಿತು ಎನ್ನುತ್ತೇವೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಕೆಲಸ ಹೋಯಿತು, ಸಾಲ ಬಂತು, ಬೆಳಗಿನ ಜಾವ ಎದ್ದು ಮಾರಿಕುಪ್ಪಂ ರೈಲು ಹಿಡಿದು ಬೆಂಗಳೂರಿಗೆ ಹೋಗಿ ರಾತ್ರಿ ಬರುವ ಬದುಕು ಬಂತು. ಇಷ್ಟರ ನಡುವೆ ಯಾರದಾದರೂ ಮನಸ್ಸು ಕುಸಿದರೆ ಮಾತ್ರ ಗಾಳಿ ಸೋಕಿದೆ, ಯಾರೋ ಮಾಟ ಮಾಡಿಸಿದ್ದಾರೆ, ಹಿಂದಿನ ಜನ್ಮದ ಕರ್ಮ ಎಂಬ ಮಾತು ಏಳುತ್ತದೆ.

ಇದು ಬೌದ್ಧರ ಮಾತಲ್ಲ. ಅನುಭವಿಸುವುದೆಲ್ಲ ಹಿಂದೆ ಮಾಡಿದ ಕರ್ಮದ ಫಲವೇ ಎಂದು ಮೋಳಿಯಸೀವಕ ಕೇಳಿದಾಗ ಬುದ್ಧರು ಒಪ್ಪಲಿಲ್ಲ. ಪಿತ್ತ, ಕಫ, ವಾತ, ಋತು ಬದಲಾವಣೆ ಮುಂತಾದ ಕಾರಣಗಳನ್ನು ಎಣಿಸಿದರು. ಹಿಂದಿನ ಜನ್ಮದ ಕರ್ಮವೇ ಇಂದಿನ ದುಃಖಕ್ಕೆ ಕಾರಣವೆಂಬ ವಾದವನ್ನು ಬಾಬಾಸಾಹೇಬರು 'ಬುದ್ಧ ಮತ್ತು ಅವರ ಧಮ್ಮ' ಗ್ರಂಥದಲ್ಲಿ ತಳ್ಳಿಹಾಕಿದ್ದಾರೆ. ಆ ವಾದ ನಮ್ಮ ಹಿರಿಯರನ್ನು ಊರಾಚೆ ಇಟ್ಟ ವಾದವೇ. ಅದನ್ನು ನಮ್ಮ ಮನೆಯ ಕಾಯಿಲೆಯವರ ಮೇಲೆ ಹೊರಿಸಬಾರದು. ನಮ್ಮ ನೆಲಕ್ಕೆ ಬೌದ್ಧ ಧಮ್ಮ ತಲುಪಲು ದಾರಿ ಮಾಡಿದ ಅಯೋತಿದಾಸ ಪಂಡಿತರು ಸಿದ್ಧ ವೈದ್ಯರಾಗಿದ್ದರು ಎಂಬುದನ್ನೂ ನೆನೆಯೋಣ.

*ರಾಗಿ ಡಬ್ಬದೊಳಗಿನ ಮಾತ್ರೆ*

ಬಂಗಾರಪೇಟೆಯ ಒಂದು ಕುಟುಂಬದ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಬರೆಯುತ್ತಿದ್ದೇನೆ. ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಿದ್ದ ಯುವಕ. ಯಾರೂ ಇಲ್ಲದಾಗ ದನಿಗಳು ಕೇಳಿಸತೊಡಗಿದವು. ಒಂದು ದಿನ ಸ್ಟೇಷನ್ನಿನಲ್ಲಿ ಅಂಗಿ ಹರಿದುಕೊಂಡು ಕೂಗಾಡಿದ. ಚಿಕಿತ್ಸೆಯಾಯಿತು, ಗುಣವಾದ, ಮತ್ತೆ ಕೆಲಸಕ್ಕೆ ಹೋದ. ಎರಡು ವರ್ಷ ಯಾವ ತೊಂದರೆಯೂ ಇರಲಿಲ್ಲ. ಆದರೆ ತಂಗಿಗೆ ಸಂಬಂಧ ಬಂದಾಗ ಯಾರೋ ಸ್ಟೇಷನ್ನಿನ ದಿನವನ್ನು ಎತ್ತಿ ಆಡಿದರು. ಸಂಬಂಧ ಮುರಿಯಿತು. ತನ್ನಿಂದಲೇ ಆಯಿತೆಂದು ಅವನು ಮಾತ್ರೆ ನಿಲ್ಲಿಸಿದ. ಮಾತ್ರೆ ನಿಂತ ಮೇಲೆ ದನಿಗಳು ಮರಳಿದವು.

ಅವನ ತಾಯಿ ನನ್ನ ಹತ್ತಿರ ಹೇಳಿದ್ದು: "ಮೇಷ್ಟ್ರೇ, ನನ್ನ ಶುಗರ್ ಮಾತ್ರೆ ಟೀವಿ ಪಕ್ಕದಾಗೇ ಇಕ್ಕಿರ್ತೀನಿ. ಇವನ ಮಾತ್ರೆ ಮಾತ್ರ ರಾಗಿ ಡಬ್ಬದೊಳಗೆ. ಯಾರಾನ ಬಂದ್ರೆ ಕಾಣಬಾರ್ದಲ್ಲ."

ಕಾಯಿಲೆ ಮರಳಿದ್ದು ಮಾತ್ರೆ ನಿಂತಿದ್ದರಿಂದ. ಮಾತ್ರೆ ನಿಂತದ್ದು ನಮ್ಮ ಮಾತಿನಿಂದ. ಗಗ್ಗರಿಗೆ ಸಿಕ್ಕ ತೀರ್ಪು ಈ ಹುಡುಗನಿಗೆ ನಮ್ಮ ಸಂಘದಿಂದ ಸಿಗಲಿಲ್ಲ. ಈಗ ಮತ್ತೆ ಚಿಕಿತ್ಸೆ ನಡೆದಿದೆ. ಅವನು ವಿಹಾರಕ್ಕೆ ಬಂದರೆ ನಾವು ಹೇಗೆ ನೋಡುತ್ತೇವೆ ಎಂಬುದೂ ಆ ಚಿಕಿತ್ಸೆಯ ಒಂದು ಭಾಗ.

*ಧ್ಯಾನ ಸಾಕಲ್ಲವೇ?*

ಈ ಪ್ರಶ್ನೆ ನಮ್ಮಲ್ಲಿ ಬರುತ್ತದೆ. ಕಾಯಿಲೆಯವರ ಆರೈಕೆ ನನ್ನ ಆರೈಕೆಗೆ ಸಮ ಎಂದ ಬುದ್ಧರೇ, ಔಷಧಿ ತೆಗೆದುಕೊಳ್ಳದ, ಕಾಯಿಲೆಯನ್ನು ಇದ್ದಂತೆ ಹೇಳದ ರೋಗಿಯ ಆರೈಕೆ ಕಷ್ಟ ಎಂದೂ ಹೇಳಿದ್ದಾರೆ. ಧ್ಯಾನಕ್ಕೆ ಅದರ ಜಾಗವಿದೆ. ಆದರೆ ಡಾಕ್ಟರು ಬರೆದ ಮಾತ್ರೆ ಬಿಡಿಸಿ ಧ್ಯಾನಕ್ಕೆ ಕೂರಿಸುವುದು ಧಮ್ಮವಲ್ಲ.

*ಕಾನೂನು ಮತ್ತು ನೆರವು*

ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಗೆ ಮುಂಚಿನ ಪ್ರಾಯೋಗಿಕ ಸಮೀಕ್ಷೆ ನಮ್ಮ ಕೋಲಾರ ಜಿಲ್ಲೆಯಲ್ಲೇ ಆಯಿತು. 12 ರಾಜ್ಯಗಳ ಆ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ ಸುಮಾರು 10 ಮಂದಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇದೆ. ಕಾಯಿಲೆಯ ಬಗೆಗೆ ತಕ್ಕಂತೆ ನೂರಕ್ಕೆ 70ರಿಂದ 92 ಮಂದಿಗೆ ಚಿಕಿತ್ಸೆಯೇ ಸಿಕ್ಕಿಲ್ಲ.

ಗಣಿ ಮುಚ್ಚಿದ ವರ್ಷವೇ, 2001ರ ಆಗಸ್ಟ್ 6ರಂದು, ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾದ ಬಳಿಯ ಖಾಸಗಿ ಆಶ್ರಯಧಾಮಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿಹಾಕಿದ್ದ ಮಾನಸಿಕ ರೋಗಿಗಳು ಓಡಲಾಗದೆ ಸುಟ್ಟುಹೋದರು. ಸತ್ತವರು 28 ಮಂದಿ. ಇಂದು 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ ಸರಪಳಿಯನ್ನು ನಿಷೇಧಿಸಿದೆ. ಮನಸ್ಸಿನ ಕಾಯಿಲೆಯನ್ನು ದೇಹದ ಕಾಯಿಲೆಗೆ ಸಮನಾಗಿ ಕಾಣಬೇಕು ಎಂದಿದೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ ಅವರಿಗೆ ಆರೈಕೆ ಕೊಡಬೇಕು ಎಂದೂ ಹೇಳುತ್ತದೆ. ಬಾಬಾಸಾಹೇಬರ ಸಂವಿಧಾನದ ಸಮಾನತೆ ಈ ಮನೆಗಳಿಗೂ ಬಂದಿದೆ, ನಾವು ಬಾಗಿಲು ತೆರೆಯಬೇಕು.

ಟೆಲಿ ಮನಸ್ ಸಹಾಯವಾಣಿ *14416*. ಹಗಲೂ ರಾತ್ರಿಯೂ ಇದೆ, ಉಚಿತ, ಕನ್ನಡ ಮತ್ತು ತಮಿಳಿನಲ್ಲೂ ಮಾತಾಡಬಹುದು. ಕೋಲಾರದ ಎಸ್‌.ಎನ್‌.ಆರ್. ಜಿಲ್ಲಾ ಆಸ್ಪತ್ರೆಯಲ್ಲೂ ವಿಚಾರಿಸಿ.

*ಇಂದಿನ ಅಭ್ಯಾಸ*

1. ಆ ನಾಲ್ಕು ಬೈಗುಳಗಳಲ್ಲಿ ಒಂದೂ ಇಂದು ನಮ್ಮ ಬಾಯಲ್ಲಿ ಬರದಿರಲಿ. ಇದು ಸಮ್ಮಾ ವಾಚಾ.

2. ಹೆಣ್ಣು ಗಂಡು ನೋಡುವಾಗ ಇನ್ನೊಬ್ಬರ ಮನೆಯ ಹಳೆಯ ಕಾಯಿಲೆಯನ್ನು ಯಾರಾದರೂ ಎತ್ತಿ ಆಡಿಕೊಂಡರೆ, ಅಲ್ಲೇ ತಡೆಯಿರಿ. ಗಗ್ಗರ ಪರವಾಗಿ ಬುದ್ಧರಲ್ಲಿಗೆ ಹೋದವರು ಸಾಮಾನ್ಯ ಭಿಕ್ಷುಗಳೇ.

3. ಕಾಯಿಲೆಯ ಕಾರಣಕ್ಕೆ ವಿಹಾರಕ್ಕೆ ಬರುವುದು ಬಿಟ್ಟವರು ಯಾರಾದರೂ ಇದ್ದರೆ ಅವರ ಮನೆಗೆ ಹೋಗಿ. ಕಾಯಿಲೆಯ ಮಾತು ಅವರು ಎತ್ತಿದರೆ ಕೇಳಿ, ಇಲ್ಲದಿದ್ದರೆ ಬೇಡ. ಭಾನುವಾರದ ವಂದನೆಗೆ ಬನ್ನಿ ಎಂದು ಕರೆಯಿರಿ. ಬಂದರೆ ಪಕ್ಕದಲ್ಲಿ ಕೂರಿ. ಬಾರದಿದ್ದರೂ ಅವರ ಜಾಗ ಅವರದೇ.

ಭವತು ಸಬ್ಬ ಮಂಗಲಂ
ಸಾಧು, ಸಾಧು, ಸಾಧು 🙏