ಪಿಟೀಲಿನ ತಂತಿಯೂ ಜಗಳೂರಿನ ಬಿಸಿಲೂ

ಹೊನ್ನಾಳಿಯಲ್ಲಿ, ತುಂಗಭದ್ರೆಯ ದಡದ ಮನೆಯೊಂದರಲ್ಲಿ ಶ್ರುತಿಗೂಡಿಸಿದ ಪಿಟೀಲನ್ನು ಬೇಸಗೆಯ ಒಂದು ದಿನ ನಾವು ಜಗಳೂರಿಗೆ ಒಯ್ದೆವು. ಸಂಜೆ ಚನ್ನಗಿರಿ, ನ್ಯಾಮತಿಗಳಿಂದಲೂ ಬಂದಿದ್ದ ಮಿತ್ರರ ಗೋಷ್ಠಿ. ಕೊನೆಗೆ ಎಲ್ಲರೂ ‘ಇಂಗ್ಲಿಷ್ ನೋಟ್’ ಬೇಕೆಂದರು. ಎತ್ತಿಕೊಂಡೊಡನೆಯೇ ಪಂಚಮದ ತಂತಿ ಇಳಿದಿರುವುದು ಕಿವಿಗೆ ಬಿತ್ತು, ನಾಚಿಕೆಯಿಂದ ನಿಲ್ಲಿಸಿದೆವು.

ಈ ನೋಟು ಮೈಸೂರು ಆಸ್ಥಾನದ ವಿದ್ವಾಂಸರಾಗಿದ್ದ ಹರಿಕೇಶನಲ್ಲೂರು ಮುತ್ತಯ್ಯ ಭಾಗವತರ (1877–1945) ರಚನೆ. ಮಧುರೈ ಮಣಿ ಅಯ್ಯರ್ ಅವರ ಗಾಯನದಿಂದ ಮನೆಮಾತಾಯಿತು. ಶಂಕರಾಭರಣದ ಸ್ವರಗಳೇ ಇದ್ದರೂ ನಡೆ ಪಾಶ್ಚಾತ್ಯ. ಗಮಕಗಳ ಆಸರೆ ಇಲ್ಲಿ ವಿರಳವಾದುದರಿಂದ ಶ್ರುತಿದೋಷಕ್ಕೆ ಮರೆ ದೊರೆಯದು.

ಷಡ್ಜ, ಗಾಂಧಾರ, ಪಂಚಮಗಳ ಕಂಪನಸಂಖ್ಯೆಗಳು 4:5:6ರ ಪ್ರಮಾಣದಲ್ಲಿರುತ್ತವೆ. ತಂತಿಯ ಉದ್ದ ಕಡಿಮೆಯಾದಷ್ಟೂ ಕಂಪನಸಂಖ್ಯೆ ಹೆಚ್ಚು. ಆದ್ದರಿಂದ 33 ಸೆಂಟಿಮೀಟರಿನ ತಂತಿ ಷಡ್ಜವನ್ನು ನುಡಿದರೆ, 26.4ರಲ್ಲಿ ಬೆರಳೊತ್ತಿದಾಗ ಗಾಂಧಾರವೂ 22ರಲ್ಲಿ ಪಂಚಮವೂ ಕೇಳುತ್ತವೆ.

ಆದರೆ ಒಂದೇ ಸಮನೆ ಎಳೆಯುವ ಕಮಾನಿನಿಂದ ತಂತಿಗೆ ಕಂಪನ ಬರುವುದೆಂತು? ವಿದ್ಯಾರ್ಥಿಗಳು ಇಲ್ಲಿ ತುಸು ನಿಂತು ಯೋಚಿಸಬೇಕು. ರಾಳ ಹಚ್ಚಿದ ಕೂದಲು ತಂತಿಯನ್ನು ಹಿಡಿದು ತನ್ನೊಡನೆ ಎಳೆದೊಯ್ಯುತ್ತದೆ. ಹಿಡಿತ ತಪ್ಪಿದಾಗ ತಂತಿ ಹಿಂದಕ್ಕೆ ಜಾರುತ್ತದೆ. ಜಾರುವಾಗಿನ ಘರ್ಷಣೆ ಅಂಟಿರುವಾಗಿನದಕ್ಕಿಂತ ಕಡಿಮೆಯಾದುದರಿಂದ ಜಾರಿಕೆ ಥಟ್ಟನೆ ಮುಗಿದು, ಕೂದಲು ಮತ್ತೆ ಹಿಡಿಯುತ್ತದೆ. ಕಿರುಗುಟ್ಟುವ ಬಾಗಿಲಿನದೂ ಇದೇ ಕಥೆ! ಪಿಟೀಲಿನಲ್ಲಿ ಮಾತ್ರ ಈ ಹಿಡಿತ-ಬಿಡಿತಗಳಿಗೆ ಒಬ್ಬ ಯಜಮಾನನಿದ್ದಾನೆ. ತಂತಿಯುದ್ದಕ್ಕೂ ಒಂದು ಸಣ್ಣ ಕೋನ ಓಡುತ್ತ, ಕುದುರೆಯಿಂದ ಬೆರಳಿನವರೆಗೆ ಹೋಗಿ ಮರಳುತ್ತದೆ. ಕಮಾನನ್ನು ದಾಟುವಾಗ ಅದೇ ಬಿಡಿಸುತ್ತದೆ, ಅದೇ ಹಿಡಿಸುತ್ತದೆ. ಆದುದರಿಂದಲೇ ಕಮಾನನ್ನು ವೇಗವಾಗಿ ಎಳೆದರೆ ನಾದ ದೊಡ್ಡದಾಗುತ್ತದೆಯೇ ಹೊರತು ಸ್ವರ ಬದಲಾಗದು. ಇದನ್ನು ಮೊದಲು ಕಂಡವನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್. ನಮ್ಮ ಸಿ. ವಿ. ರಾಮನ್ನರು 1918ರಲ್ಲಿ ಕಲ್ಕತ್ತೆಯಿಂದ ಇದರ ಮೇಲೆ ವಿಸ್ತಾರವಾದ ಪ್ರಬಂಧವನ್ನೇ ಪ್ರಕಟಿಸಿದರು. ಮುಂದೆ ಪ್ರಯೋಗಕ್ಕಾಗಿ ಕಮಾನನ್ನು ನಿಲ್ಲಿಸಿ, ಪಿಟೀಲನ್ನೇ ಯಂತ್ರದಿಂದ ಹಿಂದೆ ಮುಂದೆ ಚಲಿಸುವಂತೆ ಮಾಡಿದರು.

ಇನ್ನು ನಮ್ಮ ಅಪಜಯದ ವಿಚಾರ. ಕೋನದ ಓಟದ ವೇಗ ತಂತಿಯ ಬಿಗಿತದ ವರ್ಗಮೂಲವನ್ನು ಅನುಸರಿಸುತ್ತದೆ. ಬಿಗಿತ ನೂರಕ್ಕೆ 2ರಷ್ಟು ಸಡಿಲಿದರೆ ಕಂಪನಸಂಖ್ಯೆ ಸುಮಾರು 1ರಷ್ಟು ಇಳಿಯುತ್ತದೆ. ಸೆಕೆಂಡಿಗೆ 300 ಇದ್ದುದು 297 ಆಗುತ್ತದೆ. ಸರಿಯಾದ ಶ್ರುತಿಯ ಜೊತೆಯಲ್ಲಿ ಅದನ್ನು ನುಡಿಸಿದರೆ ನಾದ ಸೆಕೆಂಡಿಗೆ 3 ಸಲ ಏರಿಳಿಯುತ್ತದೆ. ಅಷ್ಟು ಕಿವಿಗೆ ಸಾಕು. ಹೊಳೆಯ ದಡದ ತೇವದಲ್ಲಿ ಉಬ್ಬಿದ್ದ ಮರದ ಬಿರಡೆ ಜಗಳೂರಿನ ಒಣಹವೆಗೆ ಕುಗ್ಗಿ, ತನ್ನ ತೂತಿನಲ್ಲಿ ಕೂದಲೆಳೆಯಷ್ಟು ತಿರುಗಿತ್ತು. ಉಕ್ಕಿನ ತಂತಿ ಬಿಸಿಲಿಗೆ ಹಿಗ್ಗಿದ್ದೂ ಅದಕ್ಕೆ ಸೇರಿತು.

ಮರುವರ್ಷ ನಾವು ಬೆಳಗ್ಗೆಯೇ ಜಗಳೂರು ಸೇರಿ, ಬಿರಡೆಗೆ ಕರಿಹಲಗೆಯ ಸೀಮೆಸುಣ್ಣವನ್ನು ತುಸು ಹಚ್ಚಿ, ಪಿಟೀಲನ್ನು ಸಂಜೆಯವರೆಗೆ ಅಲ್ಲಿಯ ಗಾಳಿಗೆ ಒಗ್ಗಿಸಿದೆವು. ನೋಟು ಎರಡು ಬಾರಿ ನುಡಿಯಿತು.